ಬೋಟ್ ಇಲ್ಲದ ಬೋಟ್ ಮೇಲ್: ಧನುಷ್ಕೋಡಿ ಸ್ಟೇಷನ್ ಯಾಕಿತ್ತು, ಯಾಕೆ ಹೋಯಿತು

ಚೆನ್ನೈನ ಎಗ್ಮೋರ್‌ನಿಂದ ರಾಮೇಶ್ವರಂಗೆ ರಾತ್ರಿ ಹೊರಡುವ ಒಂದು ರೈಲನ್ನು ಜನ ಇವತ್ತಿಗೂ ಬೋಟ್ ಮೇಲ್ ಅಂತಲೇ ಕರೆಯುತ್ತಾರೆ. ಅದಕ್ಕೂ ಬೋಟಿಗೂ ಈಗ ಯಾವ ಸಂಬಂಧವೂ ಇಲ್ಲ. ರೈಲು ಬೆಳಿಗ್ಗೆ ರಾಮೇಶ್ವರಂ ಮುಟ್ಟುತ್ತದೆ, ಜನ ಇಳಿದು ಆಟೋ ಹಿಡಿದು ದೇವಸ್ಥಾನಕ್ಕೆ ಹೋಗುತ್ತಾರೆ, ಅಷ್ಟೇ. ಆದರೆ 1964ರ ಡಿಸೆಂಬರ್‌ವರೆಗೆ ಆ ಹೆಸರಿಗೆ ಅರ್ಥ ಇತ್ತು. ಆಗ ರೈಲು ಎರಡೂ ಕಡೆ ಸಮುದ್ರ ಇರುವ ಮರಳಿನ ಪಟ್ಟಿಯ ಮೇಲೆ ಓಡಿ ಧನುಷ್ಕೋಡಿಗೆ ಹೋಗುತ್ತಿತ್ತು. ಅಲ್ಲಿ ಹಡಗು ಕಾಯುತ್ತಿತ್ತು. ಹಡಗು ಇಳಿಸುವ ಕಡೆ ಇನ್ನೊಂದು ದೇಶ, ಇನ್ನೊಂದು ರೈಲು. ಮದ್ರಾಸಿನಲ್ಲಿ ಒಂದು ಟಿಕೆಟ್ ತೆಗೆದುಕೊಂಡರೆ ಕೊಲಂಬೊ ಫೋರ್ಟ್ ಸ್ಟೇಷನ್‌ವರೆಗೂ ಅದೇ ಸಾಕಾಗುತ್ತಿತ್ತು.

ಧನುಷ್ಕೋಡಿ ಅಂತ ಯೂಟ್ಯೂಬಿನಲ್ಲಿ ಹುಡುಕಿ ನೋಡಿ. ದೆವ್ವದ ಊರು, ಶಾಪಗ್ರಸ್ತ ಊರು ಅನ್ನೋ ವಿಡಿಯೊಗಳೇ ಸಿಗುತ್ತವೆ. ಚಂಡಮಾರುತ ಬಂತು, ಊರು ಮುಳುಗಿತು, ರೈಲು ಕೊಚ್ಚಿಹೋಯಿತು. ಇದೆಲ್ಲ ನಿಜವೇ. ಆದರೆ ಚಂಡಮಾರುತಕ್ಕೆ ಸಿಕ್ಕಿ ನೆಲಸಮವಾದ ಊರುಗಳು ಬಂಗಾಳ ಕೊಲ್ಲಿಯ ದಡದಲ್ಲಿ ಬೇಕಾದಷ್ಟಿವೆ. ಬಹುಪಾಲು ಮತ್ತೆ ಎದ್ದು ನಿಂತಿವೆ. ಇದೊಂದು ಊರು ಯಾಕೆ ಏಳಲಿಲ್ಲ? ನನ್ನ ಲೆಕ್ಕದಲ್ಲಿ ಉತ್ತರ ಸಿಗುವುದು ರೈಲಿನ ಟೈಂಟೇಬಲ್‌ನಲ್ಲಿ. ಧನುಷ್ಕೋಡಿ ಊರಿಗೆ ಸ್ಟೇಷನ್ ಬಂದದ್ದಲ್ಲ, ಸ್ಟೇಷನ್ ಬಂದಿದ್ದಕ್ಕೆ ಊರು ಬೆಳೆದದ್ದು. ಇದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ನಕ್ಷೆ

ರಾಮನಾಥಪುರದಿಂದ ಪೂರ್ವಕ್ಕೆ ಹೋದರೆ ನೆಲ ಚೂಪಾಗುತ್ತಾ ಹೋಗಿ ಮಂಡಪಂ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಸುಮಾರು ಎರಡು ಕಿಲೋಮೀಟರ್ ಸಮುದ್ರ. ಅದನ್ನು ದಾಟಿದರೆ ದ್ವೀಪ. ದ್ವೀಪದ ಈ ತುದಿಯ ಊರು ಪಾಂಬನ್. ಪಾಂಬನ್‌ನಿಂದ ಈಶಾನ್ಯದ ಕಡೆ ರಾಮೇಶ್ವರಂ. ಆಗ್ನೇಯದ ಕಡೆ ದ್ವೀಪಕ್ಕೆ ಒಂದು ಉದ್ದನೆಯ ಮರಳಿನ ಬಾಲ. ಆ ಬಾಲದ ತುದಿಯ ಹತ್ತಿರ ಧನುಷ್ಕೋಡಿ.

ಬಾಲದ ಒಂದು ಪಕ್ಕ ಪಾಕ್ ಜಲಸಂಧಿಯ ನೀರು, ಇನ್ನೊಂದು ಪಕ್ಕ ಮನ್ನಾರ್ ಕೊಲ್ಲಿ. ಒಂದು ಕಡೆ ಕೆರೆಯ ಹಾಗೆ ಸುಮ್ಮನಿರುತ್ತದೆ, ಇನ್ನೊಂದು ಕಡೆ ಅಲೆ ಅಪ್ಪಳಿಸುತ್ತಿರುತ್ತದೆ. ಅಲ್ಲಿಯವರು ಶಾಂತವಾದದ್ದನ್ನು ಹೆಣ್ಣು ಕಡಲು, ಅಬ್ಬರದ್ದನ್ನು ಗಂಡು ಕಡಲು ಅನ್ನುತ್ತಾರೆ. ಅಬ್ಬರಕ್ಕೆ ಗಂಡಿನ ಹೆಸರಿಟ್ಟವರು ಯಾರೋ, ಅನುಭವಸ್ಥರೇ ಇರಬೇಕು! ಬಾಲದ ತುದಿಯಿಂದ ಮುಂದಕ್ಕೆ ಶ್ರೀಲಂಕಾದವರೆಗೂ ಮರಳು ದಿಬ್ಬಗಳ ಸಾಲು. ನಾವು ರಾಮಸೇತು ಅನ್ನುವುದು, ಇಂಗ್ಲಿಷರು ಆಡಮ್ಸ್ ಬ್ರಿಜ್ ಅಂದದ್ದು ಇದನ್ನೇ. ಆಚೆ ದಡದ ಊರು ತಲೈಮನ್ನಾರ್.

ನಮ್ಮ ಹಳೆಯ ತಲೆಮಾರಿಗೆ ಈ ಜಾಗ ಬೇರೆ ಕಾರಣಕ್ಕೆ ಗೊತ್ತು. ಕಾಶಿ–ರಾಮೇಶ್ವರ ಯಾತ್ರೆಯ ಪದ್ಧತಿಯಲ್ಲಿ ಸೇತುವಿನ ಮರಳನ್ನು ಕಾಶಿಗೆ ಒಯ್ದು ಗಂಗೆಯಲ್ಲಿ ಬಿಡಬೇಕು, ಗಂಗೆಯ ನೀರು ತಂದು ರಾಮೇಶ್ವರನಿಗೆ ಅಭಿಷೇಕ ಮಾಡಿಸಬೇಕು. ಹಾಗಾಗಿ ರೈಲು ಬರುವುದಕ್ಕೆ ಮುಂಚೆಯೂ ಜನ ಧನುಷ್ಕೋಡಿಗೆ ಬರುತ್ತಿದ್ದರು, ಸಮುದ್ರಸ್ನಾನ ಮಾಡಿ ಹೋಗುತ್ತಿದ್ದರು. ಆದರೆ ಸ್ನಾನಕ್ಕೆ ಬರುವವರಿಗೋಸ್ಕರ ಯಾವ ಕಂಪನಿಯೂ ಸಮುದ್ರದ ಮೇಲೆ ಸೇತುವೆ ಕಟ್ಟುವುದಿಲ್ಲ. ಅದಕ್ಕೆ ಬೇರೆ ಕಾರಣ ಬೇಕಿತ್ತು.

ಚಹಾ ತೋಟ ಮತ್ತು ಅಡ್ಡದಾರಿ

ಆ ಕಾರಣ ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಚಹಾ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರು ಅಲ್ಲಿನ ಗುಡ್ಡಗಳಲ್ಲಿ ಮೊದಲು ಕಾಫಿ, ಅದಕ್ಕೆ ರೋಗ ಬಿದ್ದ ಮೇಲೆ ಚಹಾ ಬೆಳೆಸಿದರು. ಕೆಲಸಕ್ಕೆ ಜನ ಹೋಗಿದ್ದು ತಮಿಳು ಜಿಲ್ಲೆಗಳಿಂದ. ಸಾವಿರಾರು ಜನ ಹೋಗಬೇಕು, ಬರಬೇಕು. ಅವರ ಜೊತೆಗೆ ವ್ಯಾಪಾರಿಗಳು, ಅಧಿಕಾರಿಗಳು, ಟಪಾಲು, ಅಕ್ಕಿ, ಒಣಮೀನು.

1876ರಲ್ಲಿ ರೈಲು ತೂತ್ತುಕುಡಿ ಮುಟ್ಟಿತು. ಮೊದಲ ಬೋಟ್ ಮೇಲ್ ಓಡಿದ್ದು ಆ ದಾರಿಯಲ್ಲಿ. ಮದ್ರಾಸಿನಿಂದ ತೂತ್ತುಕುಡಿವರೆಗೆ ರೈಲು, ಅಲ್ಲಿಂದ ಕೊಲಂಬೊಗೆ ಸ್ಟೀಮರ್. ಸಮಸ್ಯೆ ಏನೆಂದರೆ ಆ ಸಮುದ್ರದ ದಾರಿ ಉದ್ದ. ರಾತ್ರಿಯಿಡೀ ಹಡಗಿನಲ್ಲಿ ತೂರಾಡಬೇಕು. ವಾಂತಿ ಮಾಡಿಕೊಳ್ಳದೆ ಕೊಲಂಬೊ ಸೇರಿದವನೇ ಪುಣ್ಯವಂತ. ನಕ್ಷೆ ನೋಡಿದ ಯಾವ ಎಂಜಿನಿಯರಿಗಾದರೂ ಹೊಳೆಯುವುದು ಒಂದೇ: ಎರಡು ದೇಶಗಳು ಅತ್ಯಂತ ಹತ್ತಿರ ಬರುವ ಜಾಗ ಧನುಷ್ಕೋಡಿ. ಅಲ್ಲಿಂದ ತಲೈಮನ್ನಾರ್‌ಗೆ ಹಡಗಿನಲ್ಲಿ ಸುಮಾರು 35 ಕಿ.ಮೀ., ಅಂದರೆ ಎರಡು–ಮೂರು ಗಂಟೆ. ಮರಳು ದಿಬ್ಬಗಳ ಮೇಲೆಯೇ ಹಳಿ ಹಾಕಿ ಸೀದಾ ಸಿಲೋನಿಗೆ ರೈಲು ಬಿಡೋಣ ಅನ್ನುವ ಯೋಚನೆಯೂ ಇತ್ತು. ಅದರ ಖರ್ಚು ದೊಡ್ಡದು, ಹಾಗಾಗಿ ಕೈಬಿಟ್ಟರು.

ಒಂದು ವೇಳೆ ಹಳಿ ಹಾಕಿದ್ದರೂ ಒಂದು ತಮಾಷೆ ಇತ್ತು. ದಕ್ಷಿಣ ಭಾರತ ರೈಲ್ವೆಯ ಈ ಮಾರ್ಗ ಮೀಟರ್ ಗೇಜ್, ಅಂದರೆ ಹಳಿಗಳ ನಡುವೆ ಒಂದು ಮೀಟರ್. ತೊಂಬತ್ತರ ದಶಕದವರೆಗೆ ನಮ್ಮ ಮೈಸೂರು, ಹಾಸನ, ಹುಬ್ಬಳ್ಳಿ ಕಡೆಯೂ ಹೆಚ್ಚಾಗಿ ಇದೇ ಹಳಿ ಇತ್ತಲ್ಲ, ಅದು. ಸಿಲೋನಿನ ಮುಖ್ಯ ಮಾರ್ಗಗಳು ಬ್ರಾಡ್ ಗೇಜ್, 1,676 ಮಿ.ಮೀ. ಇಲ್ಲಿನ ಬೋಗಿ ಅಲ್ಲಿನ ಹಳಿಯ ಮೇಲೆ ಕೂರುವುದೇ ಇಲ್ಲ. ಹೇಗೂ ಇಳಿದು ಹತ್ತಲೇಬೇಕಿತ್ತು.

ಮಧುರೈ ಕಡೆಯಿಂದ ಮಂಡಪಂವರೆಗೆ 1902ರಲ್ಲೇ ರೈಲು ಬಂದಿತ್ತು. ಉಳಿದಿದ್ದು ನಡುವಿನ ಆ ಎರಡು ಕಿಲೋಮೀಟರ್ ನೀರು.

ಬಾಗಿಲಿರುವ ಸೇತುವೆ

ಪಾಂಬನ್ ಸೇತುವೆಯ ಕೆಲಸ 1911ರಲ್ಲಿ ಶುರುವಾಯಿತು. 1914ರ ಫೆಬ್ರವರಿ 24ರಂದು ರೈಲು ಓಡಿತು. ಉದ್ದ ಎರಡು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಕಂಬಗಳು 140ಕ್ಕೂ ಹೆಚ್ಚು. ಕಂಬ ನೆಡುವುದು ಕಷ್ಟವಾದರೂ ಆ ಕಾಲಕ್ಕೆ ಹೊಸ ವಿದ್ಯೆ ಏನಲ್ಲ. ನಿಜವಾದ ತೊಡಕು ಬೇರೆ. ಆ ಕಾಲುವೆಯಲ್ಲಿ ಹಡಗುಗಳು ಓಡಾಡುತ್ತಿದ್ದವು. ಶ್ರೀಲಂಕಾವನ್ನು ಸುತ್ತು ಹಾಕದೆ ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ಬರಲು ಸಣ್ಣ ಹಡಗುಗಳಿಗೆ ಇರುವುದು ಅದೊಂದೇ ಕಿಂಡಿ. ಸೇತುವೆಯನ್ನು ಹಡಗಿನ ಪಟಸ್ತಂಭಕ್ಕಿಂತ ಎತ್ತರ ಕಟ್ಟೋಣ ಅಂದರೆ ರೈಲು ಅಷ್ಟು ಎತ್ತರ ಏರಲು ಮಂಡಪಂ ಕಡೆ ಮೈಲುಗಟ್ಟಲೆ ಏರು ಬೇಕು. ತಗ್ಗಿನಲ್ಲಿ ಕಟ್ಟಿದರೆ ಹಡಗಿಗೆ ದಾರಿ ಬಂದ್.

ಪರಿಹಾರ: ಸೇತುವೆಗೊಂದು ಬಾಗಿಲು. ಅಮೆರಿಕದ ವಿಲಿಯಂ ಶೆರ್ಜರ್ ಎಂಬ ಎಂಜಿನಿಯರ್ ರೂಪಿಸಿದ್ದ ಉರುಳುವ ಬಾಗಿಲು ಇದು. ನಡುವಿನ ಅಂಕಣವನ್ನು, ಅಂದರೆ ಎರಡು ಕಂಬಗಳ ನಡುವೆ ಹಾಸಿದ ಭಾಗವನ್ನು, ಎರಡು ರೆಕ್ಕೆಯಾಗಿ ಮಾಡಿದ್ದರು. ಪ್ರತಿ ರೆಕ್ಕೆಯ ಬುಡ ನೇರವಾಗಿರಲಿಲ್ಲ, ಕಮಾನಿನ ಹಾಗೆ ಬಾಗಿತ್ತು. ಮನೆಯಲ್ಲಿ ತಾತ ಕೂರುವ ತೂಗುಕುರ್ಚಿಯ ಕಾಲು ನೆನಪಿಸಿಕೊಳ್ಳಿ. ಹಿಂದಕ್ಕೆ ಒರಗಿದರೆ ಕುರ್ಚಿ ಹಿಂದಕ್ಕೆ ಉರುಳುತ್ತದೆ, ಮುಂಭಾಗ ಮೇಲೇಳುತ್ತದೆ. ರೆಕ್ಕೆಯೂ ಹಾಗೇ. ಹಿಂದಿನ ತುದಿಯಲ್ಲಿ ಭಾರ ಕಟ್ಟಿರುವುದರಿಂದ ಎರಡೂ ಕಡೆ ತೂಕ ಸರಿಸಮ. ಆದ್ದರಿಂದ ನೂರಾರು ಟನ್ ತೂಕದ ಕಬ್ಬಿಣವನ್ನು ಎತ್ತಲು ದೊಡ್ಡ ಮೋಟಾರ್ ಬೇಕಾಗಿರಲಿಲ್ಲ. ಎರಡೂ ಬದಿಯಲ್ಲಿ ಒಂದೊಂದು ಗುಂಪು ನೌಕರರು ನಿಂತು, ಗಾಣ ತಿರುಗಿಸಿದಂತೆ ಉದ್ದನೆಯ ಹಿಡಿ ಹಿಡಿದು ಸುತ್ತುತ್ತಿದ್ದರು. ಹಲ್ಲುಚಕ್ರ ತಿರುಗುತ್ತಿತ್ತು, ರೆಕ್ಕೆ ನಿಧಾನವಾಗಿ ಏಳುತ್ತಿತ್ತು. ನೂರು ವರ್ಷ ದಾಟಿದ ಮೇಲೂ ಹೀಗೇ, ಕೈಯಿಂದಲೇ. ಪಕ್ಕದ ರಸ್ತೆ ಸೇತುವೆಯ ಮೇಲೆ ಬಸ್ಸು ನಿಲ್ಲಿಸಿಕೊಂಡು ಇದನ್ನು ನೋಡಿದವರು ನಮ್ಮಲ್ಲೂ ಎಷ್ಟೋ ಜನ ಇದ್ದಾರೆ.

ಇನ್ನೊಂದು ಸಂಗತಿ ಗಾಳಿ. ಸೇತುವೆಯ ಮೇಲೆ ಗಾಳಿಯ ವೇಗ ಅಳೆಯುವ ಯಂತ್ರ ಇದೆ. ವೇಗ ಗಂಟೆಗೆ ಸುಮಾರು 58 ಕಿ.ಮೀ. ದಾಟಿದರೆ ಸಿಗ್ನಲ್ ಕೆಂಪು. ಎಷ್ಟೇ ಮುಖ್ಯವಾದ ರೈಲಾದರೂ ದಡದಲ್ಲಿ ಕಾಯಬೇಕು. ರಾಮೇಶ್ವರಂಗೆ ಹೋಗುವಾಗ ಮಂಡಪಂ ಹತ್ತಿರ ರೈಲು ಸುಮ್ನೆ ನಿಂತುಬಿಟ್ಟರೆ ಡ್ರೈವರಿಗೆ ಬೈಯಬೇಡಿ.

ಒಂದು ಪ್ರಯಾಣ ಹೇಗಿತ್ತು

ಸೇತುವೆ ಆದ ಮೇಲೆ ಬೋಟ್ ಮೇಲ್ ತೂತ್ತುಕುಡಿ ಬಿಟ್ಟು ಈ ಕಡೆ ತಿರುಗಿತು. ಸಂಜೆ ಎಗ್ಮೋರ್‌ನಲ್ಲಿ ಹತ್ತಿದವರು ತಿರುಚ್ಚಿ, ಮಾನಾಮಧುರೈ, ರಾಮನಾಥಪುರದ ಮೇಲೆ ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಪಾಂಬನ್ ದಾಟುತ್ತಿದ್ದರು. ಪಾಂಬನ್ ಜಂಕ್ಷನ್‌ನಲ್ಲಿ ಹಳಿ ಕವಲೊಡೆಯುತ್ತಿತ್ತು. ದೇವರಿಗೆ ಹೋಗುವವರು ಒಂದು ಕಡೆ, ಸಿಲೋನಿಗೆ ಹೋಗುವವರು ಇನ್ನೊಂದು ಕಡೆ. ಮುಖ್ಯ ಮಾರ್ಗ ಯಾವುದು ಗೊತ್ತಾ? ಧನುಷ್ಕೋಡಿಯದು. ರಾಮೇಶ್ವರಂ ಕೇವಲ ಕವಲು.

ಧನುಷ್ಕೋಡಿಯಲ್ಲಿ ರೈಲು ಇಳಿದವರಿಗೆ ನಡೆಯುವ ಕೆಲಸ ಜಾಸ್ತಿ ಇರಲಿಲ್ಲ. ಹಳಿ ದಕ್ಕೆಯವರೆಗೂ ಹೋಗಿತ್ತು. ಕಸ್ಟಮ್ಸ್‌ನವರು ಪೆಟ್ಟಿಗೆ ಬಿಚ್ಚಿಸಿ ನೋಡುತ್ತಿದ್ದರು, ಆಮೇಲೆ ಸ್ಟೀಮರ್. ಹಡಗುಗಳೂ ರೈಲಿನವೇ. ಮೊದಲು ಕರ್ಜನ್, ಎಲ್ಜಿನ್, ಹಾರ್ಡಿಂಜ್, ಆಮೇಲೆ ಇರ್ವಿನ್, ಗೋಶೆನ್. ಎಲ್ಲ ವೈಸ್‌ರಾಯ್, ಗವರ್ನರ್‌ಗಳ ಹೆಸರು. ಸಂಜೆ ತಲೈಮನ್ನಾರ್‌ನಲ್ಲಿ ಇಳಿದರೆ ಅಲ್ಲಿಯ ದಕ್ಕೆಯ ಮೇಲೆ ಸಿಲೋನ್ ರೈಲು ಸಿದ್ಧ. ರಾತ್ರಿ ಮಲಗಿ ಬೆಳಿಗ್ಗೆ ಕಣ್ಣುಬಿಟ್ಟರೆ ಕೊಲಂಬೊ. ಎರಡು ರಾತ್ರಿ, ನಡುವೆ ಒಂದು ಹಗಲು.

ಇದರಲ್ಲಿ ನಾಜೂಕಿನ ಭಾಗ ಜೋಡಣೆ. ಈ ಕಡೆಯ ರೈಲು ತಡವಾದರೆ ಹಡಗು ಕಾಯಬೇಕು. ಹಡಗು ಕಾದರೆ ಆ ಕಡೆಯ ರೈಲು ಕಾಯಬೇಕು. ಹಾಗಾಗಿ ಎರಡು ದೇಶದ ಟೈಂಟೇಬಲ್ ಒಂದಕ್ಕೊಂದು ಕಟ್ಟಿಕೊಂಡಿತ್ತು, ಗಂಟು ಬಿದ್ದಿದ್ದು ಧನುಷ್ಕೋಡಿಯಲ್ಲಿ. ಊರಿನಲ್ಲಿ ಇದ್ದುದೆಲ್ಲ ಈ ಗಂಟಿಗೆ ಬೇಕಾದದ್ದೇ: ಕಸ್ಟಮ್ಸ್ ಕಚೇರಿ, ಬಂದರು ಕಚೇರಿ, ಅಂಚೆ ಕಚೇರಿ, ರೈಲ್ವೆ ಆಸ್ಪತ್ರೆ, ನೌಕರರ ಮನೆ, ಅವರ ಮಕ್ಕಳಿಗೆ ಶಾಲೆ, ಇಗರ್ಜಿ, ಯಾತ್ರಿಕರಿಗೆ ಛತ್ರ, ಎಂಜಿನ್‌ಗೆ ನೀರಿನ ಟ್ಯಾಂಕ್. ಮೀನುಗಾರರು ಮೊದಲೇ ಇದ್ದರು. ಉಳಿದವರೆಲ್ಲ ರೈಲಿನ ಹಿಂದೆ ಬಂದವರು.

ಮೊದಲ ದರ್ಜೆಯ ದೊರೆಗಳ ಪ್ರಯಾಣ ಹೀಗೆ ಸಲೀಸು. ಚಹಾ ತೋಟಕ್ಕೆ ಹೋಗುವ ಕೂಲಿಗಳದ್ದು ಬೇರೆ ಕಥೆ. ಅವರನ್ನು ಮಂಡಪಂನಲ್ಲೇ ಇಳಿಸಿಕೊಂಡು ಕೆಲವು ದಿನ ಕ್ಯಾಂಪಿನಲ್ಲಿ ಇಡುತ್ತಿದ್ದರು. ಕಾಲರಾ, ಪ್ಲೇಗು ಸಿಲೋನಿಗೆ ಹೋಗದಿರಲಿ ಅಂತ ಅಲ್ಲಿನ ಸರ್ಕಾರವೇ ನಡೆಸುತ್ತಿದ್ದ ಕ್ವಾರಂಟೈನ್ ಅದು. ಒಂದೇ ರೈಲು, ಒಂದೇ ಹಡಗು. ಆದರೆ ರೋಗ ಕೂಲಿಯವರಿಗೆ ಮಾತ್ರ ಬರುತ್ತದೆ ಅನ್ನೋ ಲೆಕ್ಕ.

ಈ ಮಾರ್ಗದ ಇನ್ನೊಂದು ಚಿತ್ರ ಅಬ್ದುಲ್ ಕಲಾಂ ಅವರ ಬಾಲ್ಯದಲ್ಲಿದೆ. ಅವರು ಹುಟ್ಟಿದ್ದು ರಾಮೇಶ್ವರಂನಲ್ಲಿ, 1931ರಲ್ಲಿ. ಎರಡನೇ ಮಹಾಯುದ್ಧದ ಸಮಯದಲ್ಲಿ ರೈಲು ರಾಮೇಶ್ವರಂನಲ್ಲಿ ನಿಲ್ಲುವುದನ್ನು ರದ್ದು ಮಾಡಿದರು. ಊರಿಗೆ ಬರುವ ಪತ್ರಿಕೆಯ ಕಟ್ಟುಗಳನ್ನು ರಾಮೇಶ್ವರಂ ಮತ್ತು ಧನುಷ್ಕೋಡಿ ನಡುವೆ ಓಡುವ ರೈಲಿನಿಂದಲೇ ಎಸೆಯುತ್ತಿದ್ದರು. ಪತ್ರಿಕೆ ಹಂಚುತ್ತಿದ್ದ ಅವರ ಸಂಬಂಧಿಗೆ ಆ ಕಟ್ಟು ಹಿಡಿಯಲು ಒಬ್ಬ ಹುಡುಗ ಬೇಕಿತ್ತು. ಆ ಹುಡುಗ ಕಲಾಂ. ಅವರ ಮೊದಲ ಸಂಪಾದನೆ ಅದು. ರಾಷ್ಟ್ರಪತಿ ಆದವರು ಧನುಷ್ಕೋಡಿ ಮಾರ್ಗದ ಹಳಿಯ ಪಕ್ಕ ನಿಂತು ಕಟ್ಟು ಹಿಡಿದಿದ್ದರು ಅನ್ನುವುದು ಈ ರೈಲಿನ ಹೆಮ್ಮೆಗೆ ಸಾಕು.

1964ರ ಡಿಸೆಂಬರ್ 22ರ ರಾತ್ರಿ

ಅಂಡಮಾನ್ ಹತ್ತಿರ ಹುಟ್ಟಿದ ವಾಯುಭಾರ ಕುಸಿತ ಪಶ್ಚಿಮಕ್ಕೆ ಚಲಿಸಿ, ಚಂಡಮಾರುತವಾಗಿ ಬೆಳೆದು, ಸಿಲೋನಿನ ಉತ್ತರ ಭಾಗವನ್ನು ದಾಟಿ ಪಾಕ್ ಜಲಸಂಧಿಗೆ ಇಳಿಯಿತು. ಅಲ್ಲಿಂದ ನೇರ ಧನುಷ್ಕೋಡಿಗೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಚಂಡಮಾರುತದಲ್ಲಿ ಜನ ಹೆಚ್ಚಾಗಿ ಸಾಯುವುದು ಗಾಳಿಯಿಂದಲ್ಲ, ಗಾಳಿ ನೂಕಿಕೊಂಡು ಬರುವ ನೀರಿನಿಂದ. ಸಮುದ್ರ ಆಳವಾಗಿದ್ದರೆ ಗಾಳಿ ತಳ್ಳಿದ ನೀರು ಕೆಳಗಿನಿಂದ ವಾಪಸ್ಸು ಹರಿದು ಹೋಗಲು ಜಾಗ ಇರುತ್ತದೆ. ಆಳ ಇಲ್ಲದಿದ್ದರೆ ನೀರಿಗೆ ಹೋಗಲು ದಾರಿ ಇಲ್ಲ, ದಡದ ಮೇಲೆ ರಾಶಿ ಬೀಳುತ್ತದೆ. ಪಾಕ್ ಜಲಸಂಧಿ ತೀರಾ ಆಳವಿಲ್ಲದ ಸಮುದ್ರ. ಅಂದರೆ ಹಡಗಿನ ದಾರಿ ಚಿಕ್ಕದು ಅಂತ ಆರಿಸಿದ ಜಾಗವೇ ನೀರು ಉಕ್ಕುವುದಕ್ಕೂ ಹೇಳಿ ಮಾಡಿಸಿದ ಜಾಗ. ಮೇಲಾಗಿ ಧನುಷ್ಕೋಡಿಯಲ್ಲಿ ಓಡಿಹೋಗಲು ಎತ್ತರದ ನೆಲ ಇಲ್ಲ. ಎರಡೂ ಕಡೆ ನೀರು, ನಡುವೆ ಮರಳು.

ಪಾಂಬನ್–ಧನುಷ್ಕೋಡಿ ಪ್ಯಾಸೆಂಜರ್, ನಂಬರ್ 653, ಆ ರಾತ್ರಿ ಮಧ್ಯರಾತ್ರಿಗೆ ಸ್ವಲ್ಪ ಮುಂಚೆ ಪಾಂಬನ್ ಬಿಟ್ಟಿತು. ಆರು ಬೋಗಿ. ಲೆಕ್ಕದ ಪ್ರಕಾರ 110 ಪ್ರಯಾಣಿಕರು, 5 ಮಂದಿ ಸಿಬ್ಬಂದಿ. ಟಿಕೆಟ್ ಇಲ್ಲದವರೂ ಇದ್ದಿರಬಹುದು ಅನ್ನುವವರಿದ್ದಾರೆ. ಧನುಷ್ಕೋಡಿ ಇನ್ನೇನು ಬಂತು ಅನ್ನುವಾಗ ಸಿಗ್ನಲ್ ಸಿಗಲಿಲ್ಲ. ಡ್ರೈವರ್ ರೈಲು ನಿಲ್ಲಿಸಿ ಸೀಟಿ ಹಾಕಿದರು. ಉತ್ತರ ಇಲ್ಲ. ಸ್ವಲ್ಪ ಹೊತ್ತು ಕಾದು, ಕತ್ತಲಲ್ಲಿ ಸಿಗ್ನಲ್ ಇಲ್ಲದೆಯೇ ಮುಂದೆ ಬಿಟ್ಟರು. ಆಗಲೇ ಸಮುದ್ರ ಬಂದು ಬಡಿಯಿತು. ರೈಲಿನಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ.

ಡ್ರೈವರ್ ಮುಂದೆ ಹೋಗಬಾರದಿತ್ತು ಅಂತ ಇವತ್ತು ಕೂತು ಹೇಳುವುದು ಸುಲಭ. ಆದರೆ ನಿಂತಲ್ಲೇ ನಿಂತಿದ್ದರೂ ನಿಂತಿದ್ದು ಅದೇ ಮರಳಿನ ಮೇಲೆ. ಹಿಂದಕ್ಕೆ ಹೋಗೋಣ ಅಂದರೆ ಹಿಂದಿನ ಹಳಿ ಉಳಿದಿದೆಯೋ ಇಲ್ಲವೋ ಹೇಳುವವರಿಲ್ಲ. ತಂತಿ ಕಂಬಗಳು ಆಗಲೇ ಬಿದ್ದಿದ್ದವು. ಧನುಷ್ಕೋಡಿಯಲ್ಲಿ ಏನಾಗುತ್ತಿದೆ ಎಂದು ಪಾಂಬನ್‌ಗೆ ಗೊತ್ತಿಲ್ಲ, ಪಾಂಬನ್‌ನಿಂದ ರೈಲು ಹೊರಟಿದೆ ಎಂದು ತಡೆಯುವವರು ಧನುಷ್ಕೋಡಿಯಲ್ಲಿ ಇಲ್ಲ. ಉಪಗ್ರಹದ ಚಿತ್ರ ಮೊಬೈಲಿಗೆ ಬರುವ ಕಾಲದಲ್ಲಿ ಕೂತು ಆ ಕತ್ತಲನ್ನು ಅಂದಾಜು ಮಾಡುವುದು ಕಷ್ಟ.

ಸೇತುವೆ ಬಂತು, ಸ್ಟೇಷನ್ ಬರಲಿಲ್ಲ

ಅದೇ ರಾತ್ರಿ ಪಾಂಬನ್ ಸೇತುವೆಯ 120ಕ್ಕೂ ಹೆಚ್ಚು ಗರ್ಡರ್‌ಗಳು, ಅಂದರೆ ಕಂಬದಿಂದ ಕಂಬಕ್ಕೆ ಹಾಸಿದ ಕಬ್ಬಿಣದ ತೊಲೆಗಳು, ಸಮುದ್ರಕ್ಕೆ ಬಿದ್ದವು. ಕಂಬಗಳು ನಿಂತಿದ್ದವು, ಶೆರ್ಜರ್ ಬಾಗಿಲೂ ಉಳಿದಿತ್ತು. ಉಳಿದದ್ದು ಖಾಲಿ.

ರಿಪೇರಿಗೆ ರೈಲ್ವೆ ಆರು ತಿಂಗಳ ಗಡುವು ಹಾಕಿತು. ಮೇಲಧಿಕಾರಿ ಅದನ್ನು ಮೂರು ತಿಂಗಳಿಗೆ ಇಳಿಸಿದರು. ಕೆಲಸ ವಹಿಸಿದ್ದು 32 ವರ್ಷದ ಒಬ್ಬ ಎಂಜಿನಿಯರಿಗೆ. ಹೆಸರು ಇ. ಶ್ರೀಧರನ್. ಅವರು ಮುಗಿಸಿದ್ದು 46 ದಿನದಲ್ಲಿ. ಅಷ್ಟೊಂದು ಹೊಸ ಗರ್ಡರ್ ಮಾಡಿಸಿ ತರಿಸಲು ಕೂತರೆ ತಿಂಗಳುಗಟ್ಟಲೆ ಆಗುತ್ತದೆ. ಅಷ್ಟರಲ್ಲಿ ಮೀನುಗಾರರಿಂದ ಸುದ್ದಿ ಬಂತು: ಬಿದ್ದ ಗರ್ಡರ್‌ಗಳು ನೀರಿನಡಿ ಇವೆ. ಸರಿ, ಹೊಸದು ಯಾಕೆ, ಇವನ್ನೇ ಎತ್ತೋಣ ಅಂತ ಒಂದೊಂದಾಗಿ ಎತ್ತಿಸಿ, ನೇರ ಮಾಡಿಸಿ, ಮತ್ತೆ ಕೂರಿಸಿದರು. ಮುಂದೆ ಇದೇ ಶ್ರೀಧರನ್ ಕೊಂಕಣ ರೈಲ್ವೆಯ ಮುಖ್ಯಸ್ಥರಾಗಿ ನಮ್ಮ ಕಾರವಾರ, ಕುಮಟಾ, ಉಡುಪಿಗೆ ರೈಲು ತಂದರು. ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟುವವರಿಗೆ ಪಾಂಬನ್ ಅಷ್ಟೇನೂ ದೂರದ್ದಲ್ಲ.

ಈಗ ಕೇಳಬೇಕಾದ ಪ್ರಶ್ನೆ. ಎರಡು ಕಿಲೋಮೀಟರ್ ಸಮುದ್ರದ ಮೇಲಿನ ಸೇತುವೆಯನ್ನು 46 ದಿನದಲ್ಲಿ ನಿಲ್ಲಿಸಿದವರಿಗೆ, ಮರಳಿನ ಮೇಲೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಹಳಿ ಹಾಕುವುದು ಕಷ್ಟವಾ? ಖಂಡಿತ ಅಲ್ಲ. ಮನಸ್ಸು ಮಾಡಲಿಲ್ಲ, ಅಷ್ಟೇ. ಮಾಡದಿರಲು ಕಾರಣಗಳೂ ಇದ್ದವು.

ಸೇತುವೆ ಇಲ್ಲದಿದ್ದರೆ ರಾಮೇಶ್ವರಂಗೆ ದಾರಿಯೇ ಇಲ್ಲ. ರಸ್ತೆ ಸೇತುವೆ ಬಂದದ್ದು 1988ರಲ್ಲಿ. ಅಲ್ಲಿಯವರೆಗೆ ಇಡೀ ದ್ವೀಪದ ಅಕ್ಕಿ, ಸೀಮೆಎಣ್ಣೆ, ಯಾತ್ರಿಕ ಎಲ್ಲ ಈ ಹಳಿಯ ಮೇಲೇ ಬರಬೇಕಿತ್ತು. ಆದ್ದರಿಂದ ಸೇತುವೆಗೆ ಅವಸರ. ಧನುಷ್ಕೋಡಿಗೆ ಇದ್ದದ್ದು ಒಂದೇ ಕೆಲಸ, ರೈಲಿನಿಂದ ಹಡಗಿಗೆ ಜನರನ್ನು ದಾಟಿಸುವುದು. ಆ ಕೆಲಸವನ್ನು ರಾಮೇಶ್ವರಂ ದಕ್ಕೆಗೆ ಸಾಗಿಸಿದರೆ ಹಡಗು ಸ್ವಲ್ಪ ಜಾಸ್ತಿ ದೂರ ಓಡಬೇಕು, ಅಷ್ಟೇ. ಅದೂ ಅಲ್ಲದೆ ಸಿಲೋನಿಗೆ ಹೋಗುವ ಜನವೇ ಕಡಿಮೆಯಾಗುತ್ತಿದ್ದರು. ಎರಡೂ ದೇಶ ಸ್ವತಂತ್ರವಾದ ಮೇಲೆ ಪಾಸ್‌ಪೋರ್ಟು, ವೀಸಾ, ಪೌರತ್ವದ ತಕರಾರು ಶುರುವಾಗಿತ್ತು. ಮದ್ರಾಸ್ ಸರ್ಕಾರ ಧನುಷ್ಕೋಡಿಯನ್ನು ವಾಸಕ್ಕೆ ಯೋಗ್ಯವಲ್ಲ ಎಂದು ಘೋಷಿಸಿತು. ಕವಲಾಗಿದ್ದ ರಾಮೇಶ್ವರಂ ಮುಖ್ಯ ಮಾರ್ಗವಾಯಿತು, ಮುಖ್ಯ ಮಾರ್ಗ ಮರಳಿನಡಿ ಹೋಯಿತು. ಕಸ್ಟಮ್ಸ್ ಇಲ್ಲ, ಬಂದರು ಇಲ್ಲ, ರೈಲ್ವೆ ನೌಕರಿ ಇಲ್ಲ. ಮೀನುಗಾರರು ವಾಪಸ್ಸು ಬಂದರು. ಬೇರೆಯವರಿಗೆ ಬರಲು ಕಾರಣವೇ ಇರಲಿಲ್ಲ.

ಹಿಂದಿರುಗಿದ ಜನ

ಚಂಡಮಾರುತಕ್ಕೆ ಎರಡು ತಿಂಗಳ ಮುಂಚೆ, 1964ರ ಅಕ್ಟೋಬರ್ 30ರಂದು, ನಮ್ಮ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿಲೋನ್ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದರು. ತೋಟದ ಕೆಲಸಕ್ಕೆ ಹೋಗಿ ಅಲ್ಲೇ ನೆಲೆಸಿದ್ದ ಭಾರತ ಮೂಲದ ತಮಿಳರಲ್ಲಿ 5,25,000 ಜನರನ್ನು ಭಾರತ ವಾಪಸ್ಸು ತೆಗೆದುಕೊಳ್ಳಬೇಕು, 3,00,000 ಜನರಿಗೆ ಸಿಲೋನ್ ಪೌರತ್ವ ಕೊಡಬೇಕು ಅನ್ನುವುದು ಅದರ ತಿರುಳು. ಅವರ ಅಭಿಪ್ರಾಯ ಯಾರೂ ಕೇಳಲಿಲ್ಲ ಅನ್ನುವುದು ಬೇರೆ ಮಾತು.

ಹಾಗೆ ಬಂದವರಲ್ಲಿ ಬಹಳಷ್ಟು ಜನ ಬಂದದ್ದು ತಲೈಮನ್ನಾರ್–ರಾಮೇಶ್ವರಂ ಹಡಗಿನಲ್ಲೇ. ಇಳಿದು ಸೇರಿದ್ದು ಮತ್ತೆ ಮಂಡಪಂ ಕ್ಯಾಂಪಿಗೇ. ತಾತ ಹೋಗುವಾಗ ನಿಂತಿದ್ದ ಕ್ಯಾಂಪು, ಮೊಮ್ಮಗ ಬರುವಾಗಲೂ ನಿಲ್ಲಬೇಕಾದ ಕ್ಯಾಂಪು. ಅಲ್ಲಿಂದ ಅವರನ್ನು ಬೇರೆ ಬೇರೆ ಕಡೆ ಹಂಚಿದರು. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆಯಲ್ಲ, ಅಲ್ಲಿ ಬೆಳಗಿನ ಜಾವ ಎದ್ದು ಮರ ಕೆತ್ತಿ ಹಾಲು ಇಳಿಸುವ ಕುಟುಂಬಗಳಲ್ಲಿ ಅನೇಕವು ಹೀಗೆ ಬಂದವು. ಅವರ ಮಕ್ಕಳು, ಮೊಮ್ಮಕ್ಕಳು ಈಗ ಕನ್ನಡ ಶಾಲೆಯಲ್ಲಿ ಓದಿದವರು, ತುಳುವೂ ಬರುತ್ತದೆ. ಬೋಟ್ ಮೇಲ್ ಕಥೆಗೂ ಕರ್ನಾಟಕಕ್ಕೂ ಇರುವ ನಿಜವಾದ ನಂಟು ಇದು.

ಎಂಬತ್ತರ ದಶಕದಲ್ಲಿ ಶ್ರೀಲಂಕಾದ ಅಂತರ್ಯುದ್ಧ ಶುರುವಾದಾಗ ಆ ಹಡಗೂ ನಿಂತಿತು. ಆಚೆ ದಡದಲ್ಲಿ ತಲೈಮನ್ನಾರ್ ಮಾರ್ಗ ಯುದ್ಧದಲ್ಲಿ ಹಾಳಾಯಿತು.

ಈಗ ಏನೇನಿದೆ

ಮಾನಾಮಧುರೈ–ರಾಮೇಶ್ವರಂ ಮಾರ್ಗ 2007ರಲ್ಲಿ ಬ್ರಾಡ್ ಗೇಜ್ ಆಯಿತು. ಹಳೇ ಸೇತುವೆಯನ್ನೇ ಬಲಪಡಿಸಿ ದೊಡ್ಡ ರೈಲುಗಳನ್ನು ಬಿಟ್ಟರು. ಉಪ್ಪುಗಾಳಿ ಕಬ್ಬಿಣವನ್ನು ಬಿಡುತ್ತದಾ? 2018ರ ಡಿಸೆಂಬರ್‌ನಲ್ಲಿ ಬಾಗಿಲಿನ ಭಾಗದಲ್ಲಿ ಬಿರುಕು ಕಂಡು ಕೆಲವು ತಿಂಗಳು ರೈಲು ನಿಂತಿತು. 2022ರ ಡಿಸೆಂಬರ್‌ನಲ್ಲಿ ಪೂರ್ತಿಯಾಗಿ ನಿಲ್ಲಿಸಿದರು. ಅಲ್ಲಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ರೈಲುಗಳು ರಾಮನಾಥಪುರ, ಮಂಡಪಂನಲ್ಲೇ ಮುಗಿಯುತ್ತಿದ್ದವು. ಜನ ಲಗೇಜು ಹೊತ್ತು ಬಸ್ಸು ಹಿಡಿಯುತ್ತಿದ್ದರು.

ಹೊಸ ಸೇತುವೆ 2025ರ ಏಪ್ರಿಲ್ 6ರಂದು, ರಾಮನವಮಿಯ ದಿನ, ಶುರುವಾಯಿತು. ಹಳೆಯದರ ಪಕ್ಕದಲ್ಲೇ ಇದೆ, ಉದ್ದ 2.08 ಕಿ.ಮೀ., ಖರ್ಚು ಸುಮಾರು 550 ಕೋಟಿ ರೂಪಾಯಿ. ಇದಕ್ಕೂ ಬಾಗಿಲಿದೆ, ಆದರೆ ವಿಧಾನ ಬೇರೆ. 72.5 ಮೀಟರ್ ಉದ್ದದ ಒಂದೇ ಅಂಕಣ, ಅದರ ಎರಡು ತುದಿಗೆ ಗೋಪುರ. ಗೋಪುರದ ಮೇಲಿನ ಗಾಲಿಗಳ ಮೇಲೆ ಹಗ್ಗ, ಹಗ್ಗದ ಒಂದು ತುದಿಗೆ ಅಂಕಣ, ಇನ್ನೊಂದು ತುದಿಗೆ ಅಷ್ಟೇ ತೂಕದ ಭಾರ. ಮೋಟಾರ್ ಗಾಲಿ ತಿರುಗಿಸಿದರೆ ಭಾರ ಕೆಳಗಿಳಿಯುತ್ತದೆ, ಅಂಕಣ ಹಳಿ ಸಮೇತ ಮಟ್ಟಸವಾಗಿ 17 ಮೀಟರ್ ಮೇಲೇರುತ್ತದೆ. ಕೈಯಿಂದ ತಿರುಗಿಸುವ ಹಿಡಿ ಹೋಯಿತು. ಕಾಂಕ್ರೀಟಿನೊಳಗೆ ತುಕ್ಕು ಹಿಡಿಯದ ಸರಳು ಹಾಕಿದ್ದಾರೆ, ಉಕ್ಕಿಗೆ ವಿಶೇಷ ಬಣ್ಣ ಬಳಿದಿದ್ದಾರೆ. ಆದರೂ ರೈಲ್ವೆ ಸುರಕ್ಷತಾ ಆಯುಕ್ತರು ಪರೀಕ್ಷೆ ಮಾಡಿದಾಗ ಸುಮ್ನೆ ಸಹಿ ಹಾಕಲಿಲ್ಲ. ತುಕ್ಕಿನ ವಿಚಾರದಲ್ಲಿ, ಯೋಜನೆಯ ವಿಚಾರದಲ್ಲಿ ತಕರಾರು ಎತ್ತಿದರು. ಕೊನೆಗೆ ಗಂಟೆಗೆ 75 ಕಿ.ಮೀ., ಮೇಲೇರುವ ಅಂಕಣದ ಮೇಲೆ 50 ಕಿ.ಮೀ. ವೇಗಕ್ಕೆ ಒಪ್ಪಿಗೆ ಕೊಟ್ಟರು. ಇಷ್ಟಾದರೂ ಗಾಳಿ ಜೋರಾದರೆ ಕೆಂಪು ಸಿಗ್ನಲ್ ಅನ್ನುವ ನಿಯಮ ಹಾಗೇ ಇದೆ.

ರಾಮೇಶ್ವರಂನಿಂದ ಚೆನ್ನೈ, ಮಧುರೈ, ತಿರುಪತಿ, ಕನ್ಯಾಕುಮಾರಿ ಕಡೆ ರೈಲುಗಳಿವೆ. ದೂರದ್ದರಲ್ಲಿ ಬನಾರಸ್ ಮತ್ತು ಅಯೋಧ್ಯೆಗೆ ಹೋಗುವವು ವಾರಕ್ಕೊಮ್ಮೆ. ಕಾಶಿ–ರಾಮೇಶ್ವರ ಯಾತ್ರೆಗೆ ಈಗ ಒಂದೇ ರೈಲು ಸಾಕು. ನಮ್ಮವರಿಗೆ ಅನುಕೂಲ ಅಂದರೆ ಹುಬ್ಬಳ್ಳಿ–ರಾಮೇಶ್ವರಂ ವಾರದ ವಿಶೇಷ ರೈಲು. ವಿಶೇಷ ರೈಲಾದ್ದರಿಂದ ಅವಧಿ ಮುಗಿದಂತೆಲ್ಲ ಮುಂದುವರಿಸುತ್ತಾರೆ. ಟಿಕೆಟ್ ಮಾಡಿಸುವ ಮುಂಚೆ ಓಡುತ್ತಿದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಬೆಂಗಳೂರು, ಮೈಸೂರಿನವರು ಮಧುರೈವರೆಗೆ ಹೋಗಿ ಅಲ್ಲಿಂದ ಬೇರೆ ರೈಲು ಹಿಡಿಯುವುದೇ ಸಲೀಸು.

ಧನುಷ್ಕೋಡಿಗೆ ರೈಲಿಲ್ಲ, ರಸ್ತೆ ಇದೆ. 2017ರಿಂದ ಡಾಂಬರು ರಸ್ತೆ ಅರಿಚಲ್‌ಮುನೈ ಅನ್ನುವ ತುದಿಯವರೆಗೂ ಹೋಗುತ್ತದೆ. ರಾಮೇಶ್ವರಂನಿಂದ ಬಸ್ಸು, ಆಟೋ ಸಿಗುತ್ತವೆ. ದಾರಿಯಲ್ಲಿ ಮೀನು ಹುರಿದು ಕೊಡುವ ಗುಡಿಸಲಂಗಡಿಗಳು, ಶಂಖ–ಕವಡೆ ಮಾರುವವರು. ಹಳೇ ಊರಿನಲ್ಲಿ ಎಲ್ಲರೂ ಇಗರ್ಜಿಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ನೀವು ಅದರ ಗೋಡೆಯನ್ನು ಹತ್ತಿರದಿಂದ ನೋಡಿ. ಅದು ಕಲ್ಲಲ್ಲ, ಹವಳ. ಸಮುದ್ರದಿಂದ ತೆಗೆದ ಹವಳದ ದಿಮ್ಮಿಯನ್ನು ಇಟ್ಟಿಗೆಯಂತೆ ಕತ್ತರಿಸಿ ಜೋಡಿಸಿದ್ದಾರೆ. ಒಳಗಿನ ಸಣ್ಣ ಸಣ್ಣ ತೂತು, ಹೂವಿನಂಥ ಗೆರೆ ಇನ್ನೂ ಕಾಣುತ್ತದೆ. ಸ್ಟೇಷನ್ನಿನ ಅವಶೇಷಕ್ಕೆ ಅಷ್ಟು ಜನ ಬರುವುದಿಲ್ಲ. ಸೂರಿಲ್ಲದ ಕೆಲವು ಗೋಡೆ, ಎಂಜಿನ್‌ಗೆ ನೀರು ತುಂಬುತ್ತಿದ್ದ ಟ್ಯಾಂಕಿನ ಕಟ್ಟಡ. ಇಷ್ಟೇ ಉಳಿದಿರುವುದು.

ರಾಮೇಶ್ವರಂನಿಂದ ಧನುಷ್ಕೋಡಿಗೆ ಮತ್ತೆ ಹಳಿ ಹಾಕುವ ಯೋಜನೆಗೆ 2019ರಲ್ಲಿ ಶಂಕುಸ್ಥಾಪನೆ ಆಯಿತು. ಹಳಿ ಮಾತ್ರ ಬಂದಿಲ್ಲ. ನನಗೇನೋ ಬರದಿದ್ದರೇ ಒಳ್ಳೆಯದು ಅನ್ನಿಸುತ್ತದೆ. ಗಾಳಿಗೆ ಜಾಗ ಬದಲಿಸುವ ಮರಳಿನ ಮೇಲೆ, ಸುತ್ತ ಹವಳದ ದಿಬ್ಬಗಳಿರುವ ಜಾಗದಲ್ಲಿ, ಪ್ರವಾಸಿಗರನ್ನು ಫೋಟೊಗೆ ಕರೆದೊಯ್ಯಲು ಅಷ್ಟು ಖರ್ಚು ಯಾಕೆ? ಆ ಕೆಲಸಕ್ಕೆ ಬಸ್ಸು ಸಾಕು. ಆಚೆ ದಡಕ್ಕೆ ಹಡಗು ಇದ್ದರೆ ಮಾತು ಬೇರೆ. ತಲೈಮನ್ನಾರ್ ದಕ್ಕೆಯವರೆಗಿನ ಹಳಿಯನ್ನು ನಮ್ಮ ಸರ್ಕಾರಿ ರೈಲು ನಿರ್ಮಾಣ ಸಂಸ್ಥೆ ಇರ್ಕಾನ್ ಅವರೇ ಮತ್ತೆ ಹಾಕಿಕೊಟ್ಟಿದ್ದಾರೆ, 2015ರ ಮಾರ್ಚ್‌ನಲ್ಲಿ ಅಲ್ಲಿಗೆ ರೈಲು ಮರಳಿತು. 1914ರಲ್ಲಿ ಎರಡೂ ದಡದ ಹಳಿಯ ಅಗಲ ಬೇರೆ ಬೇರೆ, ಹಡಗು ಮಾತ್ರ ದಿನಾ ಓಡುತ್ತಿತ್ತು. ಈಗ ಎರಡೂ ಕಡೆ 1,676 ಮಿ.ಮೀ., ಓಡುವ ಹಡಗು ಮಾತ್ರ ಇಲ್ಲ.